ಬಾಡಿಗೆಯವರು "ಮನೆ ಸ್ವಲ್ಪ ಬದಲಾಯಿಸ್ಕೊಳ್ಲಾ?" ಅಂದಾಗ



ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಕಡೆ ಸಾಲ ಮಾಡಿ, ಕಂತು ಕಟ್ಟಿ, ಒಂದೆರಡು ಬಾಡಿಗೆ ಮನೆ ಮಾಡಿಕೊಂಡ ತಾಯಂದಿರು ನಮ್ಮ ನಡುವೆ ಇದ್ದಾರೆ. ಬಾಡಿಗೆಗೆ ಇರುವವರೂ ಇದ್ದಾರೆ. ಈ ಪಾಠ ಇಬ್ಬರಿಗೂ.

ಒಂದು ಉದಾಹರಣೆ ನೋಡೋಣ. ಚನ್ನಪಟ್ಟಣದಲ್ಲಿ ಗೊಂಬೆ ಕೆಲಸದ ಬಾಡಿಗೆದಾರ ಬಂದು, "ಅಕ್ಕಾ, ಮುಂದಿನ ರೂಮಿಗೆ ಲೇತ್ ಮಿಷನ್ ಹಾಕ್ಕೊಳ್ತೀನಿ, ಗೋಡೆ ಒಡೆದು ಬಾಗಿಲು ಇಡ್ತೀನಿ, ಖರ್ಚೆಲ್ಲ ನಂದೇ" ಅನ್ನುತ್ತಾನೆ. ಅವನ ಹೆಂಡತಿ, "ಅತ್ತೆಗೆ ಮಂಡಿನೋವು, ಪಾಯಿಖಾನೇಲಿ ಹಿಡ್ಕೊಳ್ಳೋಕೆ ಒಂದು ಕಂಬಿ ಹಾಕ್ಲಾ?" ಅನ್ನುತ್ತಾಳೆ. ಖರ್ಚು ತನ್ನದಲ್ಲವೆಂದು ಮನೆಯಾಕೆ ಮೊದಲನೆಯದಕ್ಕೆ ಹೂಂ ಅಂದಳು. ಟೈಲ್ಸ್ ತೂತಾಗುತ್ತದೆಂದು ಎರಡನೆಯದಕ್ಕೆ ಬೇಡ ಅಂದಳು. ಎರಡೂ ತಪ್ಪೇ.

ಯಾಕೆ? ಪಿಲ್ಲರ್ ಇಲ್ಲದ ಮನೆಯಲ್ಲಿ, ಅದರಲ್ಲೂ ಕಲ್ಲುಚಪ್ಪಡಿ ಹಾಸಿದ ಮನೆಯಲ್ಲಿ, ಸೂರಿನ ಭಾರ ಹೊರುವುದು ಗೋಡೆಯೇ. ಒಡೆದರೆ ಜೀವಕ್ಕೇ ಅಪಾಯ. ಮನೆ ಮೀಟರಿನಲ್ಲಿ ಮಿಷನ್ ಓಡಿಸಿದರೆ ಬೆಸ್ಕಾಂ ಕೇಳುವುದು ಮೀಟರ್ ಯಾರ ಹೆಸರಲ್ಲಿದೆಯೋ ಅವರನ್ನು. 2023ರಲ್ಲಿ ಶುರುವಾದ ಗೃಹಜ್ಯೋತಿ ಸಹ ವಾಸದ ಮನೆಗೆ ಮಾತ್ರ. ಕಂಬಿಯ ವಿಷಯ ಹಾಗಲ್ಲ. ಎರಡು ತೂತು ಮುಚ್ಚಲು ಒಂದು ಹಿಡಿ ಸಿಮೆಂಟ್ ಸಾಕು. ಬಿದ್ದು ಸೊಂಟ ಮುರಿದುಕೊಂಡ ಅಜ್ಜಿಯನ್ನು ಎಬ್ಬಿಸುವುದು ಅಷ್ಟು ಸುಲಭವಲ್ಲ.

ಯಾವುದಕ್ಕೆ ಏನು ಹೇಳಬೇಕು?

1. ಧಾರಾಳವಾಗಿ ಒಪ್ಪಬಹುದಾದವು: ಸೊಳ್ಳೆ ಜಾಲರಿ, ಬಟ್ಟೆ ತಂತಿ, ಹಿಡಿಕಂಬಿ, ಬಾಗಿಲಿಗೆ ಚಿಲಕ.

2. ಷರತ್ತಿನ ಮೇಲೆ ಒಪ್ಪಬಹುದಾದವು: ಬಣ್ಣ, ಗೋಡೆ ಶೆಲ್ಫ್, ಗೀಸರ್, ಹೊಸ ನಲ್ಲಿ. ವೈರಿಂಗ್ ಕೆಲಸವನ್ನು ಲೈಸೆನ್ಸ್ ಇರುವವರಿಂದಲೇ ಮಾಡಿಸಿ.

3. ಒಪ್ಪಬಾರದವು: ಗೋಡೆ ಒಡೆಯುವುದು, ಮಹಡಿ ಮೇಲೆ ಶೆಡ್ ಕಟ್ಟುವುದು, ಮನೆಯನ್ನು ಕಾರ್ಖಾನೆ ಮಾಡುವುದು.

ಸೋರುವ ಸೂರು, ಒಡೆದ ಪೈಪು ಈ ಪಟ್ಟಿಗೆ ಸೇರುವುದಿಲ್ಲ. ಅದು ರಿಪೇರಿ. ಬಾಡಿಗೆ ತೆಗೆದುಕೊಂಡ ಮೇಲೆ ಅದನ್ನು ಮುಂದೂಡುವುದು ನ್ಯಾಯವಲ್ಲ.

ಕಾನೂನು ಏನನ್ನುತ್ತದೆ?

1882ರ ಸ್ವತ್ತು ವರ್ಗಾವಣೆ ಕಾಯಿದೆಯ 108ನೇ ಕಲಮಿನ ಪ್ರಕಾರ, ಬೇರೆ ಕರಾರು ಇಲ್ಲದಿದ್ದರೆ, ಬಾಡಿಗೆದಾರರು ಮಾಲೀಕರ ಒಪ್ಪಿಗೆಯಿಲ್ಲದೆ ಕಾಯಂ ಕಟ್ಟಡ ಕಟ್ಟುವಂತಿಲ್ಲ. ವ್ಯವಸಾಯದ ಕಟ್ಟಡಕ್ಕೆ ಮಾತ್ರ ವಿನಾಯಿತಿ. ಕೊಟ್ಟ ಉದ್ದೇಶ ಬಿಟ್ಟು ಬೇರೆ ಕೆಲಸಕ್ಕೆ ಮನೆ ಬಳಸುವಂತೆಯೂ ಇಲ್ಲ. ಆದರೆ ತಾವು ಜೋಡಿಸಿದ ವಸ್ತುವನ್ನು ಮನೆ ಬಿಡುವ ಮೊದಲು ಬಿಚ್ಚಿಕೊಂಡು ಹೋಗಬಹುದು. ಮನೆಯನ್ನು ಮಾತ್ರ ಮೊದಲಿದ್ದಂತೆಯೇ ಬಿಡಬೇಕು.

ಬಾಯಿಮಾತು ಬೇಡ, ಬರೆದಿಡಿ

ಏನು ಕೆಲಸ, ಯಾರ ಖರ್ಚು, ಖಾಲಿ ಮಾಡುವಾಗ ಬಿಚ್ಚಬೇಕೋ ಬಿಡಬೇಕೋ, ಅಡ್ವಾನ್ಸಿನಲ್ಲಿ ಎಷ್ಟು ಹಿಡಿಯಬಹುದು, ಈ ನಾಲ್ಕನ್ನೂ ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿ. ಕೆಲಸಕ್ಕೆ ಮುಂಚೆ, ಆಮೇಲೆ ಫೋಟೋ ತೆಗೆದಿಡಿ. ಒಪ್ಪದಿದ್ದರೆ ಕಾರಣ ಹೇಳಿ. "ನನ್ನ ಮನೆ, ನನ್ನಿಷ್ಟ" ಅನ್ನುವ ಮಾತು ಮನಸ್ಸು ಮುರಿಯುತ್ತದೆ. "ಗೋಡೆ ತಡೆಯಲ್ಲಪ್ಪ" ಅಂದರೆ ಯಾರಾದರೂ ಕೇಳುತ್ತಾರೆ.

ಸಭೆಯಲ್ಲಿ ಚರ್ಚಿಸಿ:

1. ನಿಮ್ಮ ಬಾಡಿಗೆಯವರು ಕೇಳಿದ್ದರಲ್ಲಿ ಯಾವುದಕ್ಕೆ ಯೋಚಿಸದೆ ಬೇಡ ಅಂದಿರಿ?

2. ನೀವೇ ಬಾಡಿಗೆಗಿದ್ದಾಗ ಏನು ಕೇಳಲು ಹೆದರಿದಿರಿ?