ಊರಲ್ಲಿ ಬಿಟ್ಟು ಬಂದ ಸೈಟು: ಆರು ತಿಂಗಳ ಗಡುವು ಮರೆಯಬೇಡಿ

ಕೂಟಕ್ಕೆ ಹೊಸದಾಗಿ ಸೇರಿದವರಲ್ಲಿ ಹಲವರು ಇಂದಿರಾನಗರದ ಮನೆಗೆ ಬೀಗ ಹಾಕಿ, ಇಲ್ಲವೇ ಕೆ.ಆರ್. ಪುರದ ಕಡೆ ಖಾಲಿ ಸೈಟು ಬಿಟ್ಟು ಬಂದವರು. ವರ್ಷಕ್ಕೊಮ್ಮೆ ಕಂದಾಯ ಕಟ್ಟಿದರೆ ಸಾಕೆಂದು ಸುಮ್ಮನಿರಬೇಡಿ.

ಒತ್ತುವರಿ ಒಂದೇ ದಿನದಲ್ಲಿ ಆಗುವುದಿಲ್ಲ. ಮೊದಲು ಪಕ್ಕದ ಕಟ್ಟಡದವರ ಮರಳು, ಜಲ್ಲಿ ನಿಮ್ಮ ಥರ್ಟಿ-ಫಾರ್ಟಿ ಸೈಟಿನಲ್ಲಿ ಬೀಳುತ್ತದೆ. ಆಮೇಲೆ ತಗಡಿನ ಶೆಡ್ಡು, ಅದರಲ್ಲೊಂದು ಸಂಸಾರ. ಕೊನೆಗೆ ಮೂಲೆಕಲ್ಲು ಮಾಯವಾಗಿ ಬೇರೆಯವರ ಹೆಸರಿನ ಬೋರ್ಡು ನಿಂತಿರುತ್ತದೆ.

ಕರ್ನಾಟಕದ 2011ರ ಭೂಕಬಳಿಕೆ ನಿಷೇಧ ಕಾಯ್ದೆ ನಮ್ಮನ್ನು ಕಾಯುತ್ತದೆಂದು ಅನೇಕರು ನಂಬಿದ್ದಾರೆ. ಅದು ಸರ್ಕಾರ, ಸ್ಥಳೀಯ ಸಂಸ್ಥೆ, ವಕ್ಫ್, ಮುಜರಾಯಿ ಜಮೀನಿಗಷ್ಟೇ, ಖಾಸಗಿ ಸೈಟಿಗಲ್ಲ. ಅತಿಕ್ರಮ ಪ್ರವೇಶವೆಂದು ಭಾರತೀಯ ನ್ಯಾಯ ಸಂಹಿತೆಯ 329ನೇ ಕಲಮಿನಡಿ ಪೊಲೀಸರಿಗೆ ದೂರು ಕೊಡಬಹುದು, ಕೊಡಲೇಬೇಕು. ಆದರೆ ಜಾಗ ವಾಪಸು ಕೊಡಿಸುವುದು ಸಿವಿಲ್ ಕೋರ್ಟು.

ಅಲ್ಲಿ ನಿಮ್ಮ ಕೈಯಲ್ಲಿರುವ ಬಲವಾದ ಅಸ್ತ್ರ 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಂ. ಸ್ವಾಧೀನ ತಪ್ಪಿದ ಆರು ತಿಂಗಳೊಳಗೆ ದಾವೆ ಹೂಡಿದರೆ ಮಾಲೀಕತ್ವ ಸಾಬೀತು ಮಾಡಬೇಕಿಲ್ಲ. ಜಾಗ ನಿಮ್ಮ ಸ್ವಾಧೀನದಲ್ಲಿತ್ತು, ಅಕ್ರಮವಾಗಿ ಕಿತ್ತುಕೊಂಡರು ಎಂದು ತೋರಿಸಿದರೆ ಸಾಕು. ಆ ತೀರ್ಪಿನ ಮೇಲೆ ಅಪೀಲಿಲ್ಲ. ಗಡುವು ದಾಟಿತೋ, ಮೂಲ ಪತ್ರಗಳನ್ನೆಲ್ಲ ಹಿಡಿದು ಹಕ್ಕು ಸಾಬೀತು ಮಾಡುವ ದೀರ್ಘ ದಾವೆ. ಅದಕ್ಕೂ ಹನ್ನೆರಡು ವರ್ಷದ ಮಿತಿಯಿದೆ: ಅಷ್ಟು ಕಾಲ ಒಬ್ಬರು ಬಹಿರಂಗವಾಗಿ, ನಿಮ್ಮ ಹಕ್ಕನ್ನು ಅಲ್ಲಗಳೆದು, ಎಡೆಬಿಡದೆ ಅನುಭವಿಸಿದರೆ ನಿಮ್ಮ ಹಕ್ಕೇ ಹೋಗುತ್ತದೆ.

ಆಳು ಕಳಿಸಿ ಬಿಡಿಸಿಕೊಳ್ಳೋಣ ಎನ್ನುವ ನೆಂಟರ ಮಾತು ಕೇಳಬೇಡಿ. ಕರ್ನಾಟಕದಿಂದಲೇ ಸುಪ್ರೀಂ ಕೋರ್ಟಿಗೆ ಹೋದ ರಾಮೇಗೌಡ ಪ್ರಕರಣದ ಪ್ರಕಾರ, ಒಮ್ಮೆ ನೆಲೆಯೂರಿದವರನ್ನು ನಿಜವಾದ ಮಾಲೀಕರೂ ಬಲವಂತದಿಂದ ಹೊರಹಾಕುವಂತಿಲ್ಲ.

ಜಾಗ ನೋಡಿಕೊಳ್ಳಲು ನೀವೇ ಇಟ್ಟ ಕಾವಲುಗಾರ ಎಷ್ಟು ವರ್ಷ ಇದ್ದರೂ ಹಕ್ಕುದಾರನಾಗುವುದಿಲ್ಲವೆಂದು 2012ರಲ್ಲಿ ಅದೇ ಕೋರ್ಟು ಹೇಳಿದೆ. ಆದರೆ ಅವನು ಕಾವಲುಗಾರ ಎನ್ನುವುದಕ್ಕೆ ಕಾಗದ ಬೇಕಲ್ಲ? ಸಂಬಳವನ್ನು ಬ್ಯಾಂಕಿನ ಮೂಲಕವೇ ಕೊಡಿ. ಅಕ್ಕನ ಮಗನಿಗೆ ಮನೆ ಬಿಟ್ಟುಕೊಟ್ಟರೂ ಕರಾರು ಬರೆಸಿಕೊಳ್ಳಿ.

ಊರಲ್ಲಿ ನಂಬಿಕಸ್ಥರೊಬ್ಬರಿಗೆ ಜಿಪಿಎ ಕೊಡಿ. ನೋಡಿಕೊಳ್ಳುವ, ದೂರು ಕೊಡುವ, ದಾವೆ ಹೂಡುವ ಅಧಿಕಾರವಿರಲಿ, ಮಾರುವ ಅಧಿಕಾರ ಬೇಡ. ಇಲ್ಲಿನ ಭಾರತೀಯ ಕಾನ್ಸುಲೇಟಿನಲ್ಲಿ ದೃಢೀಕರಿಸಿ ಕಳಿಸಿದ ಪತ್ರಕ್ಕೆ, ಭಾರತ ತಲುಪಿದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಿಸಿ. ಅವರು ತಿಂಗಳಿಗೊಮ್ಮೆ ನಾಲ್ಕೂ ಮೂಲೆಕಲ್ಲು ಕಾಣುವ ಫೋಟೊ ಕಳಿಸಲಿ. ನಾಳೆ ಸ್ವಾಧೀನಕ್ಕೆ ಅದೂ ಸಾಕ್ಷಿ. ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಋಣಭಾರ ಪತ್ರ ಇಲ್ಲಿಂದಲೇ ಸಿಗುತ್ತದೆ. ಈ ವಾರವೇ ಒಮ್ಮೆ ತೆಗೆಸಿ ನೋಡಿ.