ಮುಹರ್ರಕ್‌ನ ಹಾಡು, ನಮ್ಮ ನಾಟಿ ಹಾಡು

ಬಹ್ರೈನ್ ಅಂದ್ರೆ ನಮಗೆ ನೆನಪಾಗೋದು ತೈಲ, ಫಾರ್ಮುಲಾ ಒನ್, ಮತ್ತೆ ಅಲ್ಲಿ ಕೆಲಸದಲ್ಲಿರೋ ಕರಾವಳಿಯ ನೆಂಟರು. ಆದರೆ ಅಲ್ಲಿ ತೈಲ ಸಿಕ್ಕಿದ್ದು 1932ರಲ್ಲಿ. ಅದಕ್ಕೂ ಮೊದಲು ದ್ವೀಪದ ಬದುಕು ನಡೆದದ್ದು ಮುತ್ತಿನ ಮೇಲೆ. ಆ ವ್ಯಾಪಾರದ ಊರು ಮುಹರ್ರಕ್. ಅಲ್ಲಿನ ಮುತ್ತು ಮಾರಾಟಕ್ಕೆ ಬರುತ್ತಿದ್ದದ್ದು ನಮ್ಮ ಬೊಂಬಾಯಿಗೆ.

2006ರಲ್ಲಿ ಶುರುವಾದ 'ಸ್ಪ್ರಿಂಗ್ ಆಫ್ ಕಲ್ಚರ್' ಎಂಬ ವಾರ್ಷಿಕ ಅಂತರರಾಷ್ಟ್ರೀಯ ಕಲಾ ಉತ್ಸವದ ಕೆಲವು ಕಾರ್ಯಕ್ರಮಗಳು ಈ ಹಳೇ ಊರಿನ ಓಣಿಗಳಲ್ಲಿರುವ ಮನೆಗಳಲ್ಲೂ ನಡೆಯುತ್ತವೆ. ಹೊರದೇಶದ ಕಲಾವಿದರ ಬಗ್ಗೆ ಎಲ್ಲೆಡೆ ಓದಬಹುದು. ನಾವು ಇಲ್ಲಿ ನೋಡೋದು ಊರಿನದೇ ಆದ ಫಿಜಿರಿ ಹಾಡನ್ನ.

ಮುತ್ತಿನ ದೋಣಿಯಲ್ಲಿ ಕೆಲಸ ಜೋಡಿಯಾಗಿ ನಡೆಯುತ್ತಿತ್ತು. ಕಾಲಿಗೆ ಕಲ್ಲಿನ ಭಾರ ಕಟ್ಟಿಕೊಂಡು, ಮೂಗಿಗೆ ಚಿಮಟ ಹಾಕಿಕೊಂಡು ಮುಳುಗುವವನು ಘೈಸ್. ಮೇಲೆ ಹಗ್ಗ ಹಿಡಿದು ಅವನನ್ನ ಎಳೆದುಕೊಳ್ಳುವವನು ಸೈಬ್. ಜೀವ ಆ ಹಗ್ಗದಲ್ಲಿ. ಬೇಸಿಗೆಯ ಸುಮಾರು ನಾಲ್ಕು ತಿಂಗಳು ಹೀಗೇ. ಹಗ್ಗ, ಹುಟ್ಟು, ಹಾಯಿ, ಒಂದೊಂದು ಕೆಲಸಕ್ಕೂ ಒಂದೊಂದು ಹಾಡು. ಫಿಜಿರಿ ಕೂಡ ಕಡಲಲ್ಲೇ ಹಾಡುವಂಥದ್ದು ಅಂತ ನಾವು ಅಂದುಕೊಂಡಿದ್ದೆವು. ಹಾಗಲ್ಲ. ದಡಕ್ಕೆ ಬಂದ ಮೇಲೆ 'ದಾರ್' ಎಂಬ ಮನೆಯಲ್ಲಿ ಸುತ್ತ ಕೂತು ಹಾಡುತ್ತಿದ್ದದ್ದು ಅದು. ಮುಖ್ಯ ಗಾಯಕ ನಹ್ಹಾಮ್ ಎತ್ತರದಲ್ಲಿ ಹಾಡಿದರೆ, ಉಳಿದವರು ಬಹಳ ತಗ್ಗಿನ ದನಿಯಲ್ಲಿ ಗುಂಯ್ ಅನ್ನುತ್ತಾರೆ. ಜೊತೆಗೆ ಚಪ್ಪಾಳೆ, ಚಿಕ್ಕ ಡೋಲು, ಮತ್ತೆ ಜಹ್ಲ್ ಅನ್ನೋ ಮಣ್ಣಿನ ಕೊಡ. ನಮ್ಮ ಘಟಂ ಕೇಳಿದವರಿಗೆ ಕಿವಿ ಚುರುಕಾಗುತ್ತೆ!

ಜಪಾನಿನ ಕೃಷಿ ಮುತ್ತು ಬಂತು, ತೈಲ ಬಂತು, ದೋಣಿಗಳು ನಿಂತವು. ಹಾಡು ಮಾತ್ರ ಉಳಿಯಿತು. 2012ರಲ್ಲಿ ಮುಹರ್ರಕ್‌ನ ಮುತ್ತಿನ ತಾಣಗಳು ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು, 2021ರಲ್ಲಿ ಫಿಜಿರಿಗೂ ಯುನೆಸ್ಕೊ ಮನ್ನಣೆ ಸಿಕ್ಕಿತು.

ಇದನ್ನ ಓದುವಾಗ ನಮಗೆ ಊರಿನ ಗದ್ದೆ ನೆನಪಾಯ್ತು. ತುಳುನಾಡಲ್ಲಿ ನೇಜಿ ನೆಡುವಾಗ ಹೆಂಗಸರು ಪಾಡ್ದನ ಹೇಳುತ್ತಿದ್ದರು. ಈಗ ಎಷ್ಟೋ ಕಡೆ ನಾಟಿ ಯಂತ್ರ. ಪಾಡ್ದನ ವೇದಿಕೆ ಮೇಲೆ, ಮೈಕಿನ ಮುಂದೆ, ಐದು ನಿಮಿಷ. ಯಂತ್ರ ಬೇಡ ಅನ್ನೋಕೆ ನಮಗೆ ಬಾಯಿಲ್ಲ, ಇಂಜಿನಿಯರಿಂಗ್ ಓದಿದವರು ನಾವು. ಬಗ್ಗಿ ನೆಟ್ಟ ಬೆನ್ನು ನಮ್ಮದಲ್ಲ. ಆದರೆ ಕೆಲಸ ಹೋದಾಗ ಹಾಡಿಗೆ ಕೂರೋ ಜಾಗವೂ ಹೋಗುತ್ತೆ. ಮುಹರ್ರಕ್‌ನವರಿಗೆ ದಾರ್ ಇತ್ತು. ನಾಟಿ ಹಾಡಿಗೆ ಗದ್ದೆ ಬಿಟ್ಟರೆ ಅಂಥ ಮನೆ ಎಲ್ಲಿತ್ತು?

ಹಳೆಯ ದಾರ್ ಅಲ್ ಮುಹರ್ರಕ್‌ನ ಪಕ್ಕದಲ್ಲಿ ಈಗ ಹೊಸ ಕಟ್ಟಡ ಎದ್ದಿದೆ. ಸುತ್ತಲೂ ಲೋಹದ ಜಾಲರಿಯ ಪರದೆ. ಹಾಡಿರುವ ದಿನ ಅದನ್ನ ಮೇಲಕ್ಕೆ ಎತ್ತುತ್ತಾರೆ. ಬೀದಿಯಲ್ಲಿ ಹೋಗುವವರೂ ನಿಂತು ಕೇಳಬಹುದು.