ಹಾಯುವ ಎತ್ತೂ ಕಚ್ಚಿದ ನಾಯಿಯೂ

ವಿಮೋಚನಕಾಂಡದ 21ನೆಯ ಅಧ್ಯಾಯದಲ್ಲಿ ಹಾಯುವ ಎತ್ತಿನ ವಿಷಯವಾಗಿ ಒಂದು ನ್ಯಾಯವಿಧಿಯುಂಟು. ಎಂದೂ ಹಾಯದ ಎತ್ತು ಒಬ್ಬನನ್ನು ಕೊಂದರೆ ಒಡೆಯನಿಗೆ ಶಿಕ್ಷೆಯಿಲ್ಲ. ಅದರ ಚಾಳಿಯು ಮೊದಲೇ ಗೊತ್ತಿದ್ದು ಅವನು ಸುಮ್ಮನಿದ್ದರೆ ಅಪರಾಧವು ಅವನದೇ. ಎರಡು ಕಡೆಯೂ ಮರಣವು ಒಂದೇ. ಭೇದವಿರುವದು ಒಡೆಯನ ತಿಳುವಳಿಕೆಯಲ್ಲಿ. ತಿಳಿದವನಿಗೆ ಹೊಣೆಯುಂಟೆಂಬ ಈ ಪುರಾತನ ತತ್ವವು ನಮ್ಮ ಕಾಲದಲ್ಲಿ ನಾಯಿಗಳ ವಿಷಯವಾಗಿ ಕಾಯಿದೆಯಾದ ಬಗೆಯನ್ನು ಇಲ್ಲಿ ವಿಚಾರಿಸುವೆವು. ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಹಲವರು ಊರಿನಲ್ಲಿಯೂ ಪರದೇಶದಲ್ಲಿಯೂ ಪ್ರಾಣಿಗಳ ಆಶ್ರಯಾಲಯಗಳಿಂದ ನಾಯಿಗಳನ್ನು ತಂದು ಸಾಕುತ್ತಿರುವದರಿಂದ ಇದು ಅವರಿಗೆ ಪ್ರಯೋಜನವಾದೀತು.

ಅಮೇರಿಕಾ ದೇಶದ ಕ್ಯಾಲಿಫೋರ್ನಿಯಾ ಸಂಸ್ಥಾನದಲ್ಲಿ 2019ರಲ್ಲಿ ಅಂಗೀಕೃತವಾದ ಒಂದು ಕಾಯಿದೆಯು 2020ನೆಯ ಇಸವಿ ಜನವರಿ 1ರಿಂದ ಜಾರಿಗೆ ಬಂದಿತು. ಅದರ ಸಾರಾಂಶವೇನಂದರೆ: ನಾಲ್ಕು ತಿಂಗಳು ಅಥವಾ ಅದಕ್ಕೆ ಮೇಲ್ಪಟ್ಟ ಪ್ರಾಯದಲ್ಲಿ ನಾಯಿಯು ಮನುಷ್ಯನನ್ನು ಚರ್ಮ ಹರಿಯುವಂತೆ ಕಚ್ಚಿ, ಅದಕ್ಕಾಗಿ ಸರಕಾರದ ವಿಧಿಯಂತೆ ಪ್ರತ್ಯೇಕ ಕಾವಲಿನಲ್ಲಿ ಇಡಲ್ಪಡಬೇಕಾದದ್ದು ಆಶ್ರಯಾಲಯದವರಿಗೆ ತಿಳಿದಿದ್ದರೆ, ಅದನ್ನು ಪರರಿಗೆ ಕೊಡುವ ಮುಂಚೆ ಅವರು ಎರಡು ಕೆಲಸಗಳನ್ನು ಮಾಡತಕ್ಕದ್ದು. ಒಂದು, ಕಚ್ಚಿದ ಸಂಗತಿಯನ್ನೂ ಅದರ ಸಂದರ್ಭವನ್ನೂ ಬರವಣಿಗೆಯಲ್ಲಿ ತಿಳಿಸುವದು. ಎರಡು, ಇದನ್ನು ತಿಳಿದುಕೊಂಡೆನೆಂದು ಪಡೆಯುವವರಿಂದ ರುಜು ತೆಗೆದುಕೊಳ್ಳುವದು. ತಪ್ಪಿದವರಿಗೆ 500 ಡಾಲರುಗಳ ವರೆಗೆ ದಂಡವುಂಟು.

ಈ ವಿಧಿಯ ಒಂದೊಂದು ಮಾತಿಗೂ ಅರ್ಥವುಂಟು. ಎಳೆಯ ಮರಿಗಳು ಆಟದಲ್ಲಿ ಕಚ್ಚುವದು ಸಹಜವಾದದ್ದು. ಅದನ್ನು ದುರ್ಗುಣವೆಂದು ಬರೆದಿಡುವದು ನ್ಯಾಯವಲ್ಲ. ಚರ್ಮ ಹರಿದರೆ ಜೊಲ್ಲಿನ ಮೂಲಕ ಹುಚ್ಚುನಾಯಿರೋಗವು ತಗಲುವ ಭಯವಿದೆ. ಕಚ್ಚುವಾಗ ಜೊಲ್ಲಿನಲ್ಲಿ ಆ ರೋಗವಿದ್ದ ನಾಯಿಯು ಹತ್ತು ದಿವಸಗಳೊಳಗೆ ರೋಗದ ಚಿಹ್ನೆಗಳನ್ನು ತೋರಿಸುವದರಿಂದ ಅಷ್ಟು ಕಾಲ ಅದನ್ನು ಕಾವಲಿನಲ್ಲಿಟ್ಟು ನೋಡುತ್ತಾರೆ. ಆದಕಾರಣ ದಾಖಲೆಯು ಹೇಗೂ ಇರುತ್ತದೆ. ಅದು ನಾಯಿಯ ಸಂಗಡ ಹೊಸ ಮನೆಗೆ ಹೋಗಲಿ ಎಂಬದೇ ಕಾಯಿದೆಯ ಅಪೇಕ್ಷೆ. ಇನ್ನು, ಸಂದರ್ಭವನ್ನೂ ತಿಳಿಸಬೇಕೆಂಬದು ನಾಯಿಗೇ ಉಪಕಾರವಾದದ್ದು. ನೋಯುವ ಕಾಲನ್ನು ಹಿಡಿದೆಳೆದಾಗ ಕಚ್ಚಿದ ನಾಯಿ ಬೇರೆ, ತಿನ್ನುವ ತಟ್ಟೆಯ ಬಳಿಗೆ ಬಂದ ಕೂಸನ್ನು ಕಚ್ಚಿದ ನಾಯಿ ಬೇರೆ. ಎರಡನೆಯದು ಮಕ್ಕಳಿಲ್ಲದ ಮನೆಯಲ್ಲಿ ನೆಮ್ಮದಿಯಾಗಿ ಬಾಳೀತು.

ವರ್ಜೀನಿಯಾ ಸಂಸ್ಥಾನವು ಇದೇ ಪಾಠವನ್ನು ದುಃಖದಿಂದ ಕಲಿಯಬೇಕಾಯಿತು. 2017ರಲ್ಲಿ ವರ್ಜೀನಿಯಾ ಬೀಚ್ ಪಟ್ಟಣದಲ್ಲಿ, ಹೊಸದಾಗಿ ಮನೆಗೆ ತಂದ ನಾಯಿಯೊಂದು ಆ ಮನೆಯ ವೃದ್ಧೆಯನ್ನು ಕಚ್ಚಿ ಕೊಂದಿತು. ಮರುವರ್ಷ ಅಲ್ಲಿಯ ಕಾಯಿದೆಯು ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ನಾಯಿಯನ್ನು ಒಳಗೆ ಸೇರಿಸಿಕೊಳ್ಳುವಾಗಲೇ, ಅದು ಮನುಷ್ಯನನ್ನಾಗಲಿ ಬೇರೆ ಪ್ರಾಣಿಯನ್ನಾಗಲಿ ಕಚ್ಚಿದ್ದುಂಟೋ ಎಂದು ವಿಚಾರಿಸಿ ಬರೆದಿಡತಕ್ಕದ್ದು. ಹೊರಗೆ ಕೊಡುವಾಗ ಅದನ್ನು ತಿಳಿಸತಕ್ಕದ್ದು. ಕೇಳದೆ ಇದ್ದು, "ನಮಗೆ ತಿಳಿದಿರಲಿಲ್ಲ" ಎಂದು ಹೇಳುವ ದಾರಿಯು ಹೀಗೆ ಮುಚ್ಚಿತು.

ಇದಕ್ಕೆ ಆಕ್ಷೇಪಣೆಯುಂಟು. "ಸತ್ಯವನ್ನು ಹೇಳಿದರೆ ಈ ಪ್ರಾಣಿಯನ್ನು ಯಾರು ಒಯ್ಯುವರು? ಯಾರೂ ಒಯ್ಯದಿದ್ದರೆ ಇದರ ಗತಿಯೇನು?" ಎಂದು ದಯಾವಂತರು ಕೇಳುತ್ತಾರೆ. ಈ ಮಾತನ್ನು ಹಗುರವಾಗಿ ತಳ್ಳಲಾಗದು. ಸತ್ಯ ಹೇಳಿದ್ದರಿಂದಲೇ ಮನೆ ಸಿಕ್ಕದೆ ಹೋಗುವ ನಾಯಿಗಳು ಇದ್ದೇ ಇರುವವು. ಆದಾಗ್ಯೂ ನಾವು ಕಾಯಿದೆಯ ಪಕ್ಷವನ್ನೇ ಹಿಡಿಯುವೆವು. ಯಾಕಂದರೆ ಆ ದಯೆಯ ಫಲವನ್ನು ನಾವೂ ಕಂಡಿದ್ದೇವೆ.

ಹಲವು ವರ್ಷಗಳ ಹಿಂದೆ ನಮ್ಮ ಹುಡುಗಿಯೊಬ್ಬಳು ಬೇರೆ ಊರಿನ ವಿದ್ಯಾರ್ಥಿನಿಲಯಕ್ಕೆ ಸೇರುವವಳಿದ್ದಳು. ಅವಳಿಗೆ ಆಗಾಗ ಮೂರ್ಛೆ ಬರುತ್ತಿತ್ತು. "ಅಮ್ಮನವರೇ, ಅದನ್ನು ಬರೆಯಬೇಡಿರಿ, ಬರೆದರೆ ಸೇರಿಸಿಕೊಳ್ಳಲಾರರು" ಎಂದು ಅವಳ ತಾಯಿಯು ಕಣ್ಣೀರಿಟ್ಟರು. ನಾವು ಬರೆಯಲಿಲ್ಲ. ಎರಡು ತಿಂಗಳಾಗುವದರೊಳಗೆ ಅವಳು ಸ್ನಾನದ ಕೋಣೆಯಲ್ಲಿ ಒಬ್ಬಳೇ ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡಳು. "ತಿಳಿದಿದ್ದರೆ ಜೊತೆಗೆ ಒಬ್ಬಳನ್ನು ಕಳುಹಿಸುತ್ತಿದ್ದೆವಲ್ಲಾ" ಎಂದು ಆ ನಿಲಯದ ಮೇಲ್ವಿಚಾರಕಿಯು ಬರೆದ ಕಾಗದವು ಈಗಲೂ ನಮ್ಮ ಬಳಿಯಲ್ಲಿದೆ. ಮಗುವನ್ನು ನಾಯಿಗೆ ಹೋಲಿಸುವದು ನಮ್ಮ ಅಭಿಪ್ರಾಯವಲ್ಲ. ಬರೆಯದೆ ಬಿಟ್ಟ ನಮ್ಮ ಕೈಯ ತಪ್ಪನ್ನು ಹೇಳುತ್ತಿದ್ದೇವೆ. ಅಪಾಯವನ್ನು ನಾವು ನೀಗಿಸಲಿಲ್ಲ. ತಿಳಿಯದವರ ಹೆಗಲಿಗೆ ದಾಟಿಸಿದೆವು.

ಆದದರಿಂದ ನಾಯಿಯನ್ನು ತರುವ ಮುಂಚೆ ಸಂಕೋಚವಿಲ್ಲದೆ ಕೇಳಿರಿ: ಇದು ಯಾರನ್ನಾದರೂ ಕಚ್ಚಿದ್ದುಂಟೋ? ಯಾವಾಗ, ಯಾವ ಸ್ಥಿತಿಯಲ್ಲಿ? ಇದಕ್ಕೆ ಮುಂಚೆ ಯಾವ ಮನೆಯಲ್ಲಿತ್ತು, ಯಾಕೆ ಹಿಂದಕ್ಕೆ ಬಂತು? ಮಕ್ಕಳ ಬಳಿ, ಅನ್ನದ ಬಳಿ ಹೇಗಿರುತ್ತದೆ? ಚುಚ್ಚುಮದ್ದು ಆಗಿದೆಯೋ? ಉತ್ತರವನ್ನು ಬರೆಸಿಕೊಳ್ಳಿರಿ. ಉದ್ಯೋಗದ ವರ್ಗಾವಣೆಯಿಂದ ನೀವೇ ನಾಯಿಯನ್ನು ಬಿಟ್ಟುಕೊಡಬೇಕಾಗಿ ಬಂದರೆ, ಕೇಳದಿದ್ದರೂ ಇವೆಲ್ಲವನ್ನು ಹೇಳಿರಿ.

ನಮ್ಮ ಕಛೇರಿಯಿಂದ ಹೊರಡುವ ಇಂಥ ಪತ್ರಗಳಲ್ಲಿ ಅಂದಿನಿಂದ ಮಗುವಿನ ಆರೋಗ್ಯದ ವಿಷಯವಾಗಿ ಒಂದು ಸಾಲು ಇರುತ್ತದೆ. ಅದನ್ನು ತಂದೆತಾಯಿಗಳ ಎದುರಿಗೆ ಓದಿ, ಅವರ ಒಪ್ಪಿಗೆ ಪಡೆದ ಮೇಲೆ ರುಜು ಮಾಡುತ್ತೇವೆ. ಆ ಸಾಲಿನ ಕಾರಣದಿಂದ ಇದು ವರೆಗೆ ಯಾರೂ ನಮ್ಮ ಹುಡುಗಿಯನ್ನು ಹಿಂದಕ್ಕೆ ಕಳುಹಿಸಲಿಲ್ಲ.